ಅಕ್ಕನ ಜಡೆ ಮತ್ತು ಇಪ್ಪತ್ತನೆಯ ಕಲಂ

ನಮ್ಮ ದೊಡ್ಡಪ್ಪನ ಮಗಳಿಗೆ ಮೊಳಕಾಲಿನವರೆಗೆ ಜಡೆ ಇತ್ತು. ನಾಗರಪಂಚಮಿಯ ದಿನ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ಅವಳು ನಿಂತು ಜೀಕಿದರೆ ಮೊದಲು ಅವಳು ಮೇಲೆ ಹೋಗುತ್ತಿದ್ದಳು, ಅವಳ ಹಿಂದೆ ಜಡೆ ಹೋಗುತ್ತಿತ್ತು. ನಾವು ಚಿಕ್ಕವರು ಕೆಳಗೆ ನಿಂತು ಅದನ್ನೇ ನೋಡುತ್ತಿದ್ದೆವು. ಎಣ್ಣೆ ಹಚ್ಚಿ, ಸೀಗೆಕಾಯಿ ಹಾಕಿ ಆ ಕೂದಲು ತೊಳೆದು ಸಿಕ್ಕು ಬಿಡಿಸುವಷ್ಟರಲ್ಲಿ ದೊಡ್ಡವ್ವನಿಗೆ ಅರ್ಧ ದಿನ ಕಳೆದುಹೋಗುತ್ತಿತ್ತು. "ನನ್ನ ಮಗಳ ಜಡಿ ನೋಡೇ ಗಂಡು ಒಪ್ಪಿ ಹೋದ" ಎಂದು ದೊಡ್ಡವ್ವ ಬಂದವರೆದುರಿಗೆಲ್ಲ ಹೇಳುತ್ತಿದ್ದಳು.

1994ರಲ್ಲಿ ಒಂದು ಮಾನಸಿಕ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಅವಳನ್ನು ನೋಡಲು ಹೋದಾಗ ನನಗೆ ಅವಳ ಗುರುತೇ ಸಿಗಲಿಲ್ಲ. ಸಾಲಾಗಿ ಕುಳಿತಿದ್ದ ಹತ್ತು ಹನ್ನೆರಡು ಹೆಂಗಸರಿಗೆ ಒಂದೇ ಬಗೆಯ ಮಾಸಿದ ನಿಲುವಂಗಿ ತೊಡಿಸಿದ್ದರು. ಎಲ್ಲರ ತಲೆಯನ್ನೂ ಬೋಳಿಸಿದ್ದರು. ಅವರಲ್ಲಿ ಒಬ್ಬಳು ಎದ್ದು ಬಂದು ನನ್ನ ಕೈ ಹಿಡಿದು, "ನನ್ನ ಜಡಿ ಎಲ್ಲೈತಿ ತಂಗಿ?" ಎಂದಳು. ದನಿ ಕೇಳಿದ ಮೇಲೆ ನನಗೆ ಇವಳು ಅಕ್ಕ ಎಂದು ಗೊತ್ತಾಯಿತು.

ನಾನು ಆಯಾಳ ಮುಖ ನೋಡಿದೆ. ಅವಳು ಕೆಟ್ಟವಳೇನಲ್ಲ, ನಗುತ್ತಲೇ ಹೇಳಿದಳು: "ಹೇನಾಗಿದ್ದುವ್ರೀ ಅಕ್ಕಾರ. ಎಲ್ಲಾರ್ದೂ ಹಿಂಗ ತೆಗೀತೀವಿ. ಇವ್ರಿಗೇನು ಗೊತ್ತಾಗತೈತಿ ಬಿಡ್ರಿ."

ಗೊತ್ತಾಗದವಳು ತನ್ನ ಜಡೆ ಎಲ್ಲಿ ಎಂದು ಕೇಳುತ್ತಿದ್ದಳು! ಎಲ್ಲ ಗೊತ್ತಿದ್ದ ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಆಗ ನಾನು ಬಿ.ಎ., ಬಿ.ಎಡ್. ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಎಂಟನೆಯ ತರಗತಿಗೆ ಪೌರನೀತಿ ಕಲಿಸುತ್ತಿದ್ದೆ. ಮೂಲಭೂತ ಹಕ್ಕುಗಳನ್ನು ಮಕ್ಕಳ ಕೈಯಲ್ಲಿ ಹತ್ತು ಸಲ ಬರೆಯಿಸಿ ಬಾಯಿಪಾಠ ಮಾಡಿಸುತ್ತಿದ್ದೆ. ಸಂವಿಧಾನದ ಇಪ್ಪತ್ತೊಂದನೆಯ ವಿಧಿ ಜೀವದ, ಸ್ವಾತಂತ್ರ್ಯದ ಹಕ್ಕನ್ನು ಕೊಡುತ್ತದೆ ಎಂದು ಕರಿಹಲಗೆಯ ಮೇಲೆ ಬರೆದು ಕೈಯ ಸೀಮೆಸುಣ್ಣ ಝಾಡಿಸಿಕೊಂಡ ಅದೇ ವಾರ, ಒಂದು ತಂತಿಬಾಗಿಲ ಆಚೆ ಕುಳಿತ ನನ್ನ ಅಕ್ಕನಿಗೆ ಆ ವಿಧಿ ಅನ್ವಯಿಸುತ್ತದೆ ಎಂದು ನನ್ನ ತಲೆಗೇ ಹೊಳೆಯಲಿಲ್ಲ. ಆ ಆಸ್ಪತ್ರೆ ಯಾವುದು, ಯಾವ ಊರು ಎಂದು ನಾನಿಲ್ಲಿ ಬರೆಯುವುದಿಲ್ಲ. ಒಂದು ಆಸ್ಪತ್ರೆಯ ಹೆಸರು ಹೇಳಿ ಉಳಿದವರೆಲ್ಲ ನಿಶ್ಚಿಂತೆಯಿಂದ ಇರುವಂತೆ ಮಾಡುವುದು ನನಗೆ ಬೇಕಾಗಿಲ್ಲ. ನಾನು ಜಗಳ ತೆಗೆಯಬೇಕಾದದ್ದು "ಇವ್ರಿಗೇನು ಗೊತ್ತಾಗತೈತಿ" ಎಂಬ ಆ ಒಂದು ಮಾತಿನ ಜೊತೆ.

ಬಹಳ ವರ್ಷಗಳ ಮೇಲೆ ತಿಳಿದ ಸಂಗತಿಯೆಂದರೆ, ಅಕ್ಕನ ತಲೆ ಬೋಳಿಸಿದ ದಿನವೂ ಈ ದೇಶದಲ್ಲಿ ಕಾನೂನು ಇತ್ತು. ಬ್ರಿಟಿಷರ ಕಾಲದ 1912ರ ಹುಚ್ಚರ ಕಾಯ್ದೆಯನ್ನು ತೆಗೆದುಹಾಕಿ 1987ರಲ್ಲಿ ಮಾನಸಿಕ ಆರೋಗ್ಯ ಕಾಯ್ದೆ ಮಾಡಿದ್ದರು. ಅದು ಜಾರಿಗೆ ಬಂದದ್ದು 1993ರ ಏಪ್ರಿಲ್ ಒಂದರಂದು. ಚಿಕಿತ್ಸೆಯಲ್ಲಿರುವ ಯಾರಿಗೂ ದೇಹಕ್ಕಾಗಲಿ ಮನಸ್ಸಿಗಾಗಲಿ ಅವಮಾನ ಮಾಡಬಾರದು, ಕ್ರೌರ್ಯ ತೋರಬಾರದು ಎಂದು ಅದರ ಎಂಬತ್ತೊಂದನೆಯ ಕಲಂ ಹೇಳುತ್ತಿತ್ತು. ಕನಿಷ್ಠ ಮೂವರು ಸಂದರ್ಶಕರು ತಿಂಗಳಿಗೊಮ್ಮೆ ಆಸ್ಪತ್ರೆಯ ಪ್ರತಿಯೊಂದು ಭಾಗವನ್ನೂ ಜೊತೆಯಾಗಿ ನೋಡಬೇಕೆಂದೂ ಅದರಲ್ಲಿ ಬರೆದಿತ್ತು. ಅಂದರೆ ಕಾನೂನು ಜಾರಿಯಾಗಿ ವರ್ಷ ಕಳೆದಿತ್ತು. ಅದು ವಾರ್ಡಿನ ಬಾಗಿಲವರೆಗೆ ಬಂದಿರಲಿಲ್ಲ, ಅಷ್ಟೆ. ಬಾಗಿಲಲ್ಲಿ ನಿಂತಿದ್ದ ನಾನೂ ಅದನ್ನು ಒಳಗೆ ಕರೆದುಕೊಂಡು ಹೋಗಲಿಲ್ಲ.

ಆ ಕಾಯ್ದೆಯೂ ಈಗ ಇಲ್ಲ. 2017ರಲ್ಲಿ ಸಂಸತ್ತು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಎಂಬ ಹೊಸದನ್ನು ಮಾಡಿತು, ಮರುವರ್ಷ ಅದು ಜಾರಿಗೆ ಬಂತು. ಕಾನೂನಿನ ಪುಸ್ತಕ ಓದಿ ಅಳುವವರು ಯಾರೂ ಇರಲಿಕ್ಕಿಲ್ಲ. ನಾನು ಅದರ ಇಪ್ಪತ್ತನೆಯ ಕಲಂ ಓದಿ ಅತ್ತಿದ್ದೇನೆ. ನೀವೂ ಕೇಳಿರಿ, ಅದರಲ್ಲಿ ಏನಿದೆ ಎಂದು. ಒಳರೋಗಿಗೆ ಚೊಕ್ಕಟವಾದ, ಸುರಕ್ಷಿತವಾದ ಜಾಗ ಇರಬೇಕು. ಮರೆ ಇರಬೇಕು. ಸರಿಯಾದ ಊಟ ಕೊಡಬೇಕು. ಮೈಮುಚ್ಚುವ ಸರಿಯಾದ ಬಟ್ಟೆ ಕೊಡಬೇಕು, ತನ್ನ ಸ್ವಂತ ಬಟ್ಟೆ ಉಡುತ್ತೇನೆ ಎಂದರೆ ಉಡಲು ಬಿಡಬೇಕು, ಸಮವಸ್ತ್ರಕ್ಕೆ ಒತ್ತಾಯ ಮಾಡಬಾರದು. ಬಲವಂತವಾಗಿ ಕೆಲಸ ಮಾಡಿಸಬಾರದು, ಮಾಡಿದ ಕೆಲಸಕ್ಕೆ ತಕ್ಕ ಸಂಬಳ ಕೊಡಬೇಕು. ಹೆಂಗಸರಿಗೆ ಮುಟ್ಟಿನ ದಿನಗಳಲ್ಲಿ ಬೇಕಾದ ವಸ್ತುಗಳು ಸಿಗುವಂತಿರಬೇಕು. ಹೊಡೆತ, ಬೈಗುಳ, ಲೈಂಗಿಕ ಕಿರುಕುಳ ಎಲ್ಲದರಿಂದಲೂ ರಕ್ಷಣೆ ಇರಬೇಕು. ಮತ್ತು ಯಾರ ತಲೆಯನ್ನೂ ಬಲವಂತದಿಂದ ಬೋಳಿಸಬಾರದು.

ಹೌದು, ಕೂದಲಿನ ಮಾತು ಕಾಯ್ದೆಯಲ್ಲೇ ಇದೆ. ಕೂದಲು, ಉಡುವ ಬಟ್ಟೆ, ಮುಟ್ಟಿನ ಅರಿವೆ ಇಂಥ 'ಸಣ್ಣ' ಸಂಗತಿಗಳನ್ನು ಸಂಸತ್ತು ಒಂದೊಂದಾಗಿ ಹೆಸರಿಸಿ ಬರೆಯಬೇಕಾಗಿ ಬಂತು ಎಂದರೆ, ಅದಕ್ಕಿಂತ ಮುಂಚೆ ಏನೇನು ನಡೆದಿರಬೇಕು ಎಂದು ಯಾರೂ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

"ಟೀಚರ್, ನೀವು ಹೇಳೋದು ಚೆನ್ನ, ಆದರೆ ವಾರ್ಡಿನಲ್ಲಿ ಕೆಲಸ ಮಾಡಿ ನೋಡಿ" ಎನ್ನುವವರಿದ್ದಾರೆ. ಅವರ ಮಾತನ್ನೂ ಕೇಳೋಣ.

ಹೇನಾಗುತ್ತದೆ ಎನ್ನುತ್ತಾರೆ. ಆಗುತ್ತದೆ, ಯಾಕಾಗುವುದಿಲ್ಲ? ನಮ್ಮ ಸಾಲಿಯ ಮಕ್ಕಳಿಗೂ ಆಗುತ್ತದೆ, ಹಾಸ್ಟೆಲಿನ ಹುಡುಗಿಯರಿಗೂ ಆಗುತ್ತದೆ. ನಾವು ಔಷಧ ಹಚ್ಚಿ, ಹಣಿಗೆ ಕೊಟ್ಟು, ಒಬ್ಬಳ ಹಿಂದೆ ಒಬ್ಬಳನ್ನು ಕೂರಿಸಿ ತೆಗೆಸುತ್ತೇವೆ. ಹಾಸ್ಟೆಲಿನ ಐವತ್ತು ಹುಡುಗಿಯರ ತಲೆಯನ್ನು ಒಂದೇ ದಿನ ಬೋಳಿಸಿದರೆ ಮರುದಿನ ಊರ ತಾಯಂದಿರೆಲ್ಲ ಗೇಟಿನ ಮುಂದೆ ನಿಲ್ಲುತ್ತಾರೆ. ಅಕ್ಕನ ವಾರ್ಡಿನ ಗೇಟಿನ ಮುಂದೆ ಯಾರೂ ನಿಲ್ಲಲಿಲ್ಲ. ಎರಡು ಕಡೆಯೂ ಇದ್ದದ್ದು ಅದೇ ಹೇನು. ಕೇಳುವ ತಾಯಂದಿರು ಮಾತ್ರ ಒಂದು ಕಡೆ ಇದ್ದರು, ಇನ್ನೊಂದು ಕಡೆ ಇರಲಿಲ್ಲ.

ಸಿಬ್ಬಂದಿ ಸಾಲದು, ಅದಕ್ಕೆ ಕಟ್ಟಿ ಹಾಕುತ್ತೇವೆ ಎನ್ನುತ್ತಾರೆ. ಸಿಬ್ಬಂದಿ ಸಾಲದು ಎಂಬುದು ನಿಜ. ಒಬ್ಬ ನರ್ಸಿಗೆ ಅಷ್ಟು ಜನರನ್ನು ಒಪ್ಪಿಸಿ ಸಹನೆ ಇಟ್ಟುಕೋ ಎನ್ನುವುದು ಅವಳಿಗೂ ಮಾಡುವ ಅನ್ಯಾಯವೇ. ಆದರೆ ಕಾನೂನು ಈ ನೆವವನ್ನು ಮುಂಚಿತವಾಗಿ ಊಹಿಸಿ ಉತ್ತರ ಬರೆದಿಟ್ಟಿದೆ. ಕೂಡಲೇ ಆಗಬಹುದಾದ ಅಪಾಯವನ್ನು ತಡೆಯಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ಅಗತ್ಯವಿದ್ದಷ್ಟೇ ಹೊತ್ತು ತಡೆಹಿಡಿಯಬಹುದು. ಅದನ್ನು ದಾಖಲೆಯಲ್ಲಿ ಬರೆಯಬೇಕು. ರೋಗಿಯ ಪ್ರತಿನಿಧಿಗೆ ಇಪ್ಪತ್ನಾಲ್ಕು ಗಂಟೆಯೊಳಗೆ ತಿಳಿಸಬೇಕು. ಶಿಕ್ಷೆಯೆಂದು ಕಟ್ಟುವಂತಿಲ್ಲ, ಹೆದರಿಸಲೆಂದು ಕಟ್ಟುವಂತಿಲ್ಲ, ಸಿಬ್ಬಂದಿ ಸಾಲದೆಂದು ಕಟ್ಟುವಂತಿಲ್ಲ. ಒಂಟಿ ಕೋಣೆಯಲ್ಲಿ ಕೂಡಿ ಹಾಕುವಂತಿಲ್ಲ. ಸರಪಳಿಯನ್ನಂತೂ ಯಾವ ರೀತಿಯಲ್ಲೂ ಹಾಕುವಂತಿಲ್ಲ. ಅರಿವಳಿಕೆ ಕೊಡದೆ ವಿದ್ಯುತ್ ಚಿಕಿತ್ಸೆ ಮಾಡುವಂತಿಲ್ಲ. ಸಿಬ್ಬಂದಿ ಸಾಲದಿದ್ದರೆ ಸರ್ಕಾರದ ಹತ್ತಿರ ಸಿಬ್ಬಂದಿ ಕೇಳಬೇಕು. ಸರ್ಕಾರದ ಸಾಲವನ್ನು ರೋಗಿಯ ಮಣಿಕಟ್ಟಿನಿಂದ ವಸೂಲಿ ಮಾಡಬಾರದು.

ಸರಪಳಿ ಎಂದಾಗ ಎರ್ವಾಡಿಯನ್ನು ನೆನೆಯದೆ ಮುಂದೆ ಹೋಗಲಾಗದು. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಆ ಊರಿನಲ್ಲಿ ದರ್ಗಾದ ಆಸುಪಾಸು ಖಾಸಗಿಯವರು ನಡೆಸುತ್ತಿದ್ದ 'ಮನೆ'ಗಳಿದ್ದವು. ವಾಸಿಯಾಗಲಿ ಎಂಬ ನಂಬಿಕೆಯಿಂದ ಎಲ್ಲ ಧರ್ಮದ ಜನ ತಮ್ಮವರನ್ನು ಅಲ್ಲಿಗೆ ತಂದು ಬಿಡುತ್ತಿದ್ದರು. 2001ರ ಆಗಸ್ಟ್ 6ರ ಬೆಳಗಿನ ಜಾವ ಅಂಥ ಒಂದು ಮನೆಯ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದವರು ಓಡಲಾಗಲಿಲ್ಲ. ಒಟ್ಟು 28 ಜನ ಸತ್ತರು. ಪತ್ರಿಕೆಯ ವರದಿ ನೋಡಿ ಸುಪ್ರೀಂ ಕೋರ್ಟು ತಾನಾಗಿಯೇ ವಿಚಾರಣೆಗೆ ತೆಗೆದುಕೊಂಡಿತು. ಆ ಕಾಲಕ್ಕೆ ನಾವೆಲ್ಲ ಅಯ್ಯೋ ಎಂದೆವು. ಹದಿನೇಳು ವರ್ಷ ಕಳೆದ ಮೇಲೆ, 2019ರ ಜನವರಿಯಲ್ಲಿ, ಉತ್ತರಪ್ರದೇಶದ ಬದಾಯೂಂನಲ್ಲಿ ಮನೋರೋಗಿಗಳನ್ನು ಸರಪಳಿಯಲ್ಲಿ ಕಟ್ಟಿದ್ದಾರೆಂಬ ದೂರು ಅದೇ ಕೋರ್ಟಿನ ಮುಂದೆ ಬಂತು. ಇದು ಹೊಸ ಕಾಯ್ದೆಗೆ ವಿರುದ್ಧ ಎಂದು ಕೋರ್ಟು ಮತ್ತೊಮ್ಮೆ ಹೇಳಬೇಕಾಯಿತು.

ಇನ್ನೊಂದು ಸಂಗತಿ ಅನೇಕರಿಗೆ ಗೊತ್ತಿಲ್ಲ. ಯಾವ ಅಪರಾಧವನ್ನೂ ಮಾಡದ ಮನೋರೋಗಿಗಳನ್ನು ನಮ್ಮ ದೇಶದಲ್ಲಿ ಜೈಲಿನಲ್ಲೇ ಇಡುತ್ತಿದ್ದರು. ಶೀಲಾ ಬರ್ಸೆ ಎಂಬ ಪತ್ರಕರ್ತೆ ಸುಪ್ರೀಂ ಕೋರ್ಟಿನ ಬಾಗಿಲು ಬಡಿದರು. ಹೀಗೆ ಜೈಲಿಗೆ ಹಾಕುವುದು ಕಾನೂನುಬಾಹಿರ, ಸಂವಿಧಾನಕ್ಕೆ ವಿರುದ್ಧ ಎಂದು 1993ರಲ್ಲಿ ತೀರ್ಪಾಯಿತು. ಅಸ್ಸಾಮಿನ ಮಚಾಂಗ್ ಲಾಲುಂಗ್ ಎಂಬಾತನನ್ನು 1951ರಲ್ಲಿ ಹಿಡಿದಿದ್ದರು. ಆತನನ್ನು ಮಾನಸಿಕ ಆಸ್ಪತ್ರೆಗೆ ಕಳಿಸಿದರು. ವಾಸಿಯಾಗಿದೆ ಎಂದು ಅಲ್ಲಿಯ ವೈದ್ಯರು ಹೇಳಿದ ಮೇಲೆ ಮತ್ತೆ ಜೈಲಿಗೆ ತಂದರು. ವಿಚಾರಣೆಯೇ ನಡೆಯಲಿಲ್ಲ. ಹೊರಗೆ ಬಂದದ್ದು 2005ರಲ್ಲಿ, 54 ವರ್ಷಗಳ ನಂತರ, ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ. ಇಪ್ಪತ್ತಮೂರರ ಹುಡುಗನಾಗಿ ಒಳಗೆ ಹೋದವನು ಮುದುಕನಾಗಿ ಹೊರಗೆ ಬಂದ. ನಡುವೆ ಯಾರೂ ಕೇಳಲಿಲ್ಲ.

ಆಸ್ಪತ್ರೆಗಳಾದರೂ ಸುಧಾರಿಸಿವೆಯೇ ಎಂದರೆ, ಕೆಲವು ಸುಧಾರಿಸಿವೆ. ಸುಳ್ಳು ಹೇಳಬಾರದು. ನಮ್ಮ ಕಡೆ ಯಾರಾದರೂ ಸ್ವಲ್ಪ ತಿಕ್ಕಲಾಗಿ ಮಾತಾಡಿದರೆ "ಇವನ್ನ ಧಾರವಾಡಕ್ಕ ಕಳಸ್ಬೇಕು" ಎಂದು ನಗುತ್ತೇವೆ. ಬ್ರಿಟಿಷರ ಕಾಲದಿಂದ ಇರುವ ಆ ಆಸ್ಪತ್ರೆ ಇವತ್ತು ವೈದ್ಯರನ್ನು ತಯಾರು ಮಾಡುವ ಸಂಸ್ಥೆಯಾಗಿದೆ, ನಗುವ ನಾವು ಅಲ್ಲೇ ಇದ್ದೇವೆ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆ 1974ರಲ್ಲಿ ನಿಮ್ಹಾನ್ಸ್ ಆಯಿತು. ರೋಗಿಯ ಜೊತೆ ಮನೆಯವರೂ ಉಳಿಯುವ ಏರ್ಪಾಟು ಅಲ್ಲಿದೆ. ಅದಕ್ಕೂ ಮುಂಚೆ, 1950ರ ದಶಕದಲ್ಲಿ, ಅಮೃತಸರದ ಡಾಕ್ಟರ್ ವಿದ್ಯಾಸಾಗರ್ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಜೊತೆಗೆ ಇರಿಸಿಕೊಂಡಿದ್ದರು. ಎಷ್ಟು ಸರಳವಾದ ವಿಚಾರ ನೋಡಿರಿ. ತಾಯಿ ಪಕ್ಕದಲ್ಲಿ ಕುಳಿತಿರುವಾಗ ಮಗಳ ಮೇಲೆ ಎತ್ತಿದ ಕೈ ಅರ್ಧಕ್ಕೇ ನಿಲ್ಲುತ್ತದೆ.

ಆದರೆ ಎಲ್ಲ ಕಡೆ ಹೀಗಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ಮಾನಸಿಕ ಆಸ್ಪತ್ರೆಗಳ ಬಗ್ಗೆ ದೊಡ್ಡ ವರದಿಯೊಂದನ್ನು ಹೊರತಂದಿತು. ಎಷ್ಟೋ ಆಸ್ಪತ್ರೆಗಳು ಜೈಲಿನ ಹಾಗೆಯೇ ಇವೆ ಎಂದು ಅದು ತೋರಿಸಿತು. ಇಪ್ಪತ್ತು ವರ್ಷದ ಮೇಲೆ, 2023ರ ಜನವರಿಯಲ್ಲಿ, ಅದೇ ಆಯೋಗ ಗ್ವಾಲಿಯರ್, ಆಗ್ರಾ, ರಾಂಚಿಯ ಆಸ್ಪತ್ರೆಗಳನ್ನು ನೋಡಿ ಬಂದ ಮೇಲೆ ದೇಶದ 46 ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳ ಸ್ಥಿತಿ ಅಮಾನವೀಯ, ಶೋಚನೀಯ ಎಂದಿತು. ವಾಸಿಯಾದವರನ್ನೂ ಕಾನೂನಿಗೆ ವಿರುದ್ಧವಾಗಿ ಒಳಗೇ ಇಟ್ಟುಕೊಂಡಿದ್ದಾರೆ ಎಂದಿತು. ಆ ಹೊತ್ತಿಗೆ ಹೊಸ ಕಾಯ್ದೆ ಜಾರಿಯಾಗಿ ನಾಲ್ಕು ವರ್ಷ ದಾಟಿತ್ತು.

ಕಾನೂನು ಇದ್ದೂ ಹೀಗೇಕೆ? ನನಗೆ ತೋಚಿದ ಎರಡು ಕಾರಣ ಹೇಳುತ್ತೇನೆ. ಒಂದು ಕಾನೂನಿನೊಳಗೇ ಇದೆ. ಇನ್ನೊಂದು ನಮ್ಮೊಳಗೆ.

ದೂರು ಕೊಡುವ ಹಕ್ಕು ರೋಗಿಗೆ ಇದೆ ಎಂದು ಇಪ್ಪತ್ತೆಂಟನೆಯ ಕಲಂ ಹೇಳುತ್ತದೆ. ಯಾರಿಗೆ ಕೊಡಬೇಕು? ಮೊದಲು ಅದೇ ಆಸ್ಪತ್ರೆಯ ಮುಖ್ಯಸ್ಥರಿಗೆ. ಅಲ್ಲಿ ಸಮಾಧಾನವಾಗದಿದ್ದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ, ಅದರ ಮೇಲೆ ರಾಜ್ಯ ಪ್ರಾಧಿಕಾರಕ್ಕೆ. ಅತ್ತೆ ಹೊಡೆದರೆ ಮೊದಲು ಅತ್ತೆಯ ಹತ್ತಿರವೇ ದೂರು ಹೇಳು ಎಂದಂತಾಯಿತು ಇದು! ಬೀಗ ಹಾಕಿದ ವಾರ್ಡಿನಲ್ಲಿ, ಮಾತ್ರೆಯ ಮಂಪರಿನಲ್ಲಿ ಇರುವ ಹೆಂಗಸು, ನಾಳೆ ತನಗೆ ಊಟ ಬಡಿಸುವವರ ಮೇಲೆಯೇ ಇಂದು ದೂರು ಬರೆಯಬೇಕು. ಬರೆದಳೆಂದೇ ಇಟ್ಟುಕೊಳ್ಳಿ. ಓದಿದವರು ಏನೆನ್ನುತ್ತಾರೆ? "ಹುಚ್ಚಿ, ಏನೋ ಬರೆದಿದ್ದಾಳೆ" ಎನ್ನುತ್ತಾರೆ. ಅವಳ ಕಾಯಿಲೆಯೇ ಅವಳ ಸಾಕ್ಷಿಯನ್ನು ತಿಂದುಹಾಕುತ್ತದೆ. ಇನ್ನು ಶಿಕ್ಷೆ. ಕಾಯ್ದೆಯನ್ನು ಮೊದಲ ಸಲ ಮೀರಿದವರಿಗೆ ಹೆಚ್ಚೆಂದರೆ ಆರು ತಿಂಗಳ ಜೈಲು ಇಲ್ಲವೇ ಹತ್ತು ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಹತ್ತು ಸಾವಿರಕ್ಕೆ ಹೆದರುವ ಖಾಸಗಿ ಆಸ್ಪತ್ರೆ ಎಲ್ಲಾದರೂ ಇದ್ದರೆ ನನಗೆ ತೋರಿಸಿ.

ಹಾಗೆಂದು ಕಾನೂನನ್ನು ಮೂಲೆಗೆ ಎಸೆಯಬೇಕೆಂದು ನಾನು ಹೇಳುತ್ತಿಲ್ಲ. ಅದೇ ಕಾಯ್ದೆ ರೋಗಿಯ ಪರವಾಗಿ ಮಾತಾಡಲು ಇನ್ನೊಂದು ಬಾಯಿಯನ್ನೂ ಕೊಟ್ಟಿದೆ. ಆರೋಗ್ಯವಾಗಿದ್ದಾಗಲೇ ಯಾರು ಬೇಕಾದರೂ, ನನಗೆ ಹೀಗಾದರೆ ಇಂಥವರು ನನ್ನ ಪ್ರತಿನಿಧಿ ಎಂದು ಒಂದು ಹಾಳೆಯ ಮೇಲೆ ಬರೆದು ಸಹಿ ಮಾಡಿಡಬಹುದು. ಅವರು ಗಂಡನೇ ಆಗಬೇಕೆಂದಿಲ್ಲ, ಅಣ್ಣನೇ ಆಗಬೇಕೆಂದಿಲ್ಲ. ಗೆಳತಿಯೂ ಆಗಬಹುದು. ದೂರು ಕೊಡುವ ಹಕ್ಕು ಆ ಪ್ರತಿನಿಧಿಗೂ ಇದೆ. ಬೇರೆಯವರ ಅರ್ಜಿಯ ಮೇಲೆ ಹೆಂಗಸನ್ನು ಸೇರಿಸಿಕೊಂಡರೆ ಮೂರು ದಿನದೊಳಗೆ ಆ ಸುದ್ದಿ ಪರಿಶೀಲನಾ ಮಂಡಳಿಗೆ ಹೋಗಬೇಕು. ಗಂಡಸಾದರೆ ಏಳು ದಿನ. ಹೆಂಗಸಿನ ವಿಷಯದಲ್ಲಿ ಅವಸರ ಬೇಕೆಂದು ಕಾನೂನಿಗೆ ತಿಳಿದಿದೆ. ಜಿಲ್ಲಾ ನ್ಯಾಯಾಧೀಶರೋ ಆ ಹುದ್ದೆಯಿಂದ ನಿವೃತ್ತರಾದವರೋ ಅಂಥ ಅರ್ಹತೆಯ ನ್ಯಾಯಾಂಗ ಅಧಿಕಾರಿಯೋ ಆ ಮಂಡಳಿಯ ಅಧ್ಯಕ್ಷರಾಗಿರುತ್ತಾರೆ. ಮಂಡಳಿಯ ವಿಳಾಸ, ಫೋನ್ ನಂಬರು ಆಸ್ಪತ್ರೆಯ ಗೋಡೆಯ ಮೇಲೆ ಎದ್ದು ಕಾಣುವಂತೆ ಇರಬೇಕು. ಇದೆಲ್ಲ ಇದೆ. ಆದರೆ ಗೋಡೆಯ ಮೇಲಿನ ನಂಬರನ್ನು ನೋಡಲು ಒಬ್ಬರು ಹೊರಗಿನಿಂದ ಒಳಗೆ ಹೋಗಬೇಕಲ್ಲ, ಅವರು ಯಾರು? ನಾವು ಹೋಗುತ್ತೇವೆಯೇ?

ಇಲ್ಲಿಗೆ ನಾನು ನನ್ನ ಮನೆಯ ವಿಷಯಕ್ಕೆ ಬರಬೇಕು. ಆಸ್ಪತ್ರೆಯವರ ಮೇಲೆ ಇಷ್ಟೊಂದು ಕೂಗಿದವಳು ಅದನ್ನು ಮುಚ್ಚಿಟ್ಟರೆ ಪಾಪ ಬಂದೀತು.

ಅಕ್ಕನಿಗೆ ಕಾಯಿಲೆ ಶುರುವಾದದ್ದು ಎರಡನೆಯ ಬಾಣಂತನದಲ್ಲಿ. ಗಂಡನ ಮನೆಯವರು ಮಕ್ಕಳನ್ನು ಇಟ್ಟುಕೊಂಡು ಅವಳನ್ನು ತವರಿಗೆ ತಂದು ಬಿಟ್ಟರು, ವರ್ಷ ತುಂಬುವುದರೊಳಗೆ ಗಂಡ ಇನ್ನೊಂದು ಮದುವೆಯಾದ. ಕೂಸಿನಿಂದ ಅವಳನ್ನು ಅಗಲಿಸಿದ್ದು ಕಾಯಿಲೆಗಿಂತ ದೊಡ್ಡ ಪೆಟ್ಟಾಯಿತು. ತಾಯತ ಆಯಿತು, ಹರಕೆ ಆಯಿತು, ಕೊನೆಗೆ ಆಸ್ಪತ್ರೆ. ಅಲ್ಲಿ ತಲೆ ಬೋಳಿಸಿದರು ಎಂದೆನಲ್ಲ, ಔಷಧವನ್ನೂ ಅಲ್ಲೇ ಕೊಟ್ಟರು. ಒಂದೂವರೆ ವರ್ಷದಲ್ಲಿ ಅವಳು ತಿಳಿಯಾದಳು. ಮನೆಗೆ ಕರೆದುಕೊಂಡು ಹೋಗಬಹುದು, ಮಾತ್ರೆ ತಪ್ಪಿಸಬೇಡಿ ಎಂದು ಆಸ್ಪತ್ರೆಯಿಂದ ಪತ್ರ ಬಂತು. ಅಣ್ಣ ಅದನ್ನು ಓದಿ ಗೋಡೆಯ ಫೋಟೋದ ಹಿಂದೆ ಸಿಕ್ಕಿಸಿದ. ಮತ್ತೊಂದು ಪತ್ರ ಬಂತು, ಅದೂ ಅಲ್ಲಿಗೇ ಹೋಯಿತು. ಅಣ್ಣನ ಹೆಣ್ಣುಮಕ್ಕಳು ಬೆಳೆಯುತ್ತಿದ್ದರು. "ಮನ್ಯಾಗ ಹುಚ್ಚಿ ಅದಾಳಂದ್ರ ಯಾರ ಬರ್ತಾರ?" ಎಂದು ವೈನಿ ಕೇಳಿದಳು. ವೈನಿಯನ್ನು ಬೈಯುವುದು ಸುಲಭ. ಆದರೆ ಅಡಿಗೆ, ಕೊಟ್ಟಿಗೆ, ಹಾಸಿಗೆ ಹಿಡಿದ ಅತ್ತೆ, ಇಷ್ಟರ ಮೇಲೆ ನಾದಿನಿಯ ಮಾತ್ರೆ ಇವೆಲ್ಲ ಆ ಒಬ್ಬಳ ತಲೆಯ ಮೇಲೆಯೇ ಬೀಳುತ್ತಿದ್ದವು, ಅಣ್ಣನ ತಲೆಯ ಮೇಲಲ್ಲ. ನಾನೇನು ಮಾಡಿದೆ? ನನ್ನ ಮನೆಗೆ ಕರೆದುಕೊಂಡು ಬರುತ್ತೇನೆ ಎಂದು ಹೇಳಲಿಲ್ಲ. ನನಗೂ ಹೊಸದಾಗಿ ಮದುವೆಯಾಗಿತ್ತು. ದೊಡ್ಡಪ್ಪನ ಮಗಳ ಸುದ್ದಿಯನ್ನು ಅತ್ತೆಯ ಮನೆಯಲ್ಲಿ ನಾನು ಎಂಟು ವರ್ಷ ಬಾಯಿ ಬಿಡಲಿಲ್ಲ.

ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆಯನ್ನು ನಾವು ನಗುತ್ತ ಹೇಳುತ್ತೇವೆ. ಅಕ್ಕನ ಸ್ಥಿತಿ ಅದಕ್ಕಿಂತ ಕಠಿಣವಾಗಿತ್ತು. ಅವಳ ಹುಚ್ಚು ಬಿಟ್ಟಿತ್ತು. ಬಿಟ್ಟಿದೆ ಎಂದು ನಂಬುವವರು ಇರಲಿಲ್ಲ. ತ್ರಿವೇಣಿಯವರ 'ಶರಪಂಜರ' ನಿಮಗೆಲ್ಲ ಗೊತ್ತು. ಪುಟ್ಟಣ್ಣ ಕಣಗಾಲರ ಸಿನಿಮಾದಲ್ಲಿ ಕಲ್ಪನಾ ಮಾಡಿದ ಕಾವೇರಿಯನ್ನು ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳದ ಹೆಂಗಸು ನಮ್ಮ ಊರುಗಳಲ್ಲಿ ಸಿಗಲಿಕ್ಕಿಲ್ಲ. ವಾಸಿಯಾಗಿ ಬಂದವಳನ್ನು ಮನೆಯವರ ಸಂಶಯವೇ ಮತ್ತೆ ಆಸ್ಪತ್ರೆಗೆ ದೂಡುತ್ತದೆ. ಟೀವಿಯಲ್ಲಿ ಆ ಸಿನಿಮಾ ಬಂದಾಗ ನಮ್ಮ ವೈನಿಯೂ ಅತ್ತಳು, ನಾನೂ ಅತ್ತೆ. ಫೋಟೋದ ಹಿಂದಿನ ಪತ್ರಗಳು ಅಲ್ಲೇ ಇದ್ದವು.

ಅಕ್ಕ 2008ರಲ್ಲಿ ಆ ಆಸ್ಪತ್ರೆಯಲ್ಲೇ ತೀರಿಕೊಂಡಳು. ವಾಸಿಯಾದ ಮೇಲೆ ಹನ್ನೆರಡು ವರ್ಷ ಅಲ್ಲಿದ್ದಳು. ಆಸ್ಪತ್ರೆಯ ಅಡಿಗೆಮನೆಯಲ್ಲಿ ಪಲ್ಲೆ ಸೋಸುತ್ತಿದ್ದಳಂತೆ, ಹೊಸದಾಗಿ ಬಂದವರಿಗೆ ಸಮಾಧಾನ ಹೇಳುತ್ತಿದ್ದಳಂತೆ. ಅದಕ್ಕೆ ಅವಳಿಗೆ ಸಂಬಳವೆಂದು ಒಂದು ಪೈಸೆಯನ್ನೂ ಯಾರೂ ಕೊಡಲಿಲ್ಲ. ಅವಳ ತಂದೆಯ ಮನೆ, ಅವಳೂ ಹುಟ್ಟಿ ಬೆಳೆದ ಮನೆ, ಅಷ್ಟರಲ್ಲಿ ಅಣ್ಣನ ಹೆಸರಿಗೆ ಆಗಿತ್ತು.

ಇವತ್ತಿನ ಕಾಯ್ದೆಯ ಹತ್ತೊಂಬತ್ತನೆಯ ಕಲಂ ಓದಿದಾಗಲೆಲ್ಲ ನನಗೆ ಆ ಮನೆ ಕಣ್ಣೆದುರು ಬರುತ್ತದೆ. ಮನೆಯವರು ಒಪ್ಪುತ್ತಿಲ್ಲ, ಮನೆಯೇ ಇಲ್ಲ, ಊರಲ್ಲಿ ಬೇರೆ ಏರ್ಪಾಟಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಬಾರದು ಎಂದು ಅದು ಹೇಳುತ್ತದೆ. ಮನೆಯವರು ಕೈಬಿಟ್ಟವರಿಗೆ ಸರ್ಕಾರ ನೆರವು ಕೊಡಬೇಕು, ಕುಟುಂಬದ ಮನೆಯಲ್ಲಿ ಇರುವ ಅವರ ಹಕ್ಕನ್ನು ಅವರು ಚಲಾಯಿಸಲು ಕಾನೂನಿನ ಸಹಾಯವನ್ನೂ ಕೊಡಬೇಕು ಎನ್ನುತ್ತದೆ. ಮನೆಯೂ ಅಲ್ಲ ಆಸ್ಪತ್ರೆಯೂ ಅಲ್ಲ ಎಂಬಂಥ ನಡುವಿನ ವಸತಿಗಳನ್ನು ಸರ್ಕಾರವೇ ಏರ್ಪಡಿಸಬೇಕೆಂದೂ ಕಾಯ್ದೆಯಲ್ಲಿದೆ. ಅಂಥ ವಸತಿ ನಿಮ್ಮ ಜಿಲ್ಲೆಯಲ್ಲಿ ಎಷ್ಟಿವೆ, ಕೇಳಿ ನೋಡಿರಿ. ಗುಡಿಯ ಗೋಪುರಕ್ಕೆ, ಊರ ಮಹಾದ್ವಾರಕ್ಕೆ ಅನುದಾನ ತರುವ ಶಾಸಕರನ್ನು ಒಮ್ಮೆ ಇದನ್ನೂ ಕೇಳಬೇಕು. ವೈನಿಯ ಒಬ್ಬಳ ಬೆನ್ನಿನ ಮೇಲೆ ಎಲ್ಲವನ್ನೂ ಹೊರಿಸಿ ಕಾಯ್ದೆಯ ಪುಸ್ತಕ ಓದಿದರೆ ಪ್ರಯೋಜನವಿಲ್ಲ.

ಮೂರು ವರ್ಷದ ಹಿಂದೆ ನಮ್ಮ ಸಾಲಿಯಲ್ಲಿ ಬಿಸಿಯೂಟ ಮಾಡುವ ಹೆಣ್ಣುಮಗಳು ಅಳುತ್ತ ಬಂದಳು. ಅವಳ ಇಪ್ಪತ್ತೆರಡು ವರ್ಷದ ಮಗಳನ್ನು ಮೈದುನ ಎಲ್ಲೋ ಒಂದು ಖಾಸಗಿ ಆರೈಕೆ ಕೇಂದ್ರಕ್ಕೆ ಸೇರಿಸಿದ್ದ. ಮೂರು ತಿಂಗಳು ಯಾರೂ ನೋಡಲು ಬರಬಾರದು, ಫೋನು ಮಾಡಬಾರದು ಎಂದು ಅಲ್ಲಿಯವರು ಹೇಳಿದ್ದರಂತೆ. ಈ ಸಲ ನಾನು ಕಾಯ್ದೆಯ ಪ್ರತಿಯನ್ನು ಚೀಲದಲ್ಲಿ ಇಟ್ಟುಕೊಂಡು ಅವಳ ಜೊತೆ ಬಸ್ಸು ಹತ್ತಿದೆ. ಆ ಕೇಂದ್ರದ ಆಫೀಸಿನ ಗೋಡೆಯ ಮೇಲೆ ದೇವರ ಕ್ಯಾಲೆಂಡರ್ ಇತ್ತು, ಗಡಿಯಾರ ಇತ್ತು, ಮಂಡಳಿಯ ವಿಳಾಸ ಇರಲಿಲ್ಲ. ನಿಮ್ಮ ನೋಂದಣಿ ಪತ್ರ ತೋರಿಸಿ ಎಂದೆ. ಅಲ್ಲಿ ಕುಳಿತಿದ್ದ ಮನುಷ್ಯ, "ನೀವು ಲಾಯರ್ ಏನ್ರಿ?" ಎಂದ. "ಅಲ್ರಿ, ಸಾಲಿ ಅಕ್ಕೋರು" ಎಂದೆ. ಅವನು ನಕ್ಕ. ನಾನು ಬಂದವರನ್ನು ಭೇಟಿಯಾಗುವ, ಫೋನು ಮಾಡುವ ಹಕ್ಕಿನ ಇಪ್ಪತ್ತಾರನೆಯ ಕಲಂ ತೆಗೆದು, ಮಕ್ಕಳಿಗೆ ಪಾಠ ಓದಿದ ಹಾಗೆ ಗಟ್ಟಿಯಾಗಿ ಓದತೊಡಗಿದೆ. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಬೇರೆ ಮನೆಯವರು ಬಾಗಿಲಿಗೆ ಬಂದು ನಿಂತರು. ಅರ್ಧ ಗಂಟೆಯಲ್ಲಿ ಹುಡುಗಿಯನ್ನು ಹೊರಗೆ ಕರೆತಂದರು. ಅವಳ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿದ್ದರು, ಮಣಿಕಟ್ಟಿನ ಮೇಲೆ ಬಟ್ಟೆ ಕಟ್ಟಿದ ಗುರುತಿತ್ತು. ವಾರದೊಳಗೆ ಅವಳನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಿದೆವು, ತಾಯಿ ಜೊತೆಗೇ ಉಳಿದಳು. ಈಗ ಮನೆಯಲ್ಲಿದ್ದಾಳೆ. ಪೂರ್ತಿ ವಾಸಿಯಾಗಿದೆ ಎಂದು ಹೇಳಲಾರೆ. ಕೆಲವು ದಿನ ಎದ್ದು ಕೂರುವುದೇ ಇಲ್ಲ, ಕೆಲವು ದಿನ ಹೊಲಿಗೆ ಮಷಿನ್ ಮುಂದೆ ಕೂತರೆ ಕತ್ತಲಾದರೂ ಏಳುವುದಿಲ್ಲ.

ಇದರಲ್ಲಿ ನನ್ನ ದೊಡ್ಡಸ್ತಿಕೆ ಏನೂ ಇಲ್ಲ. 1994ರಲ್ಲಿ ಕೇಳಬೇಕಾದದ್ದನ್ನು ಬಹಳ ತಡವಾಗಿ ಕೇಳಿದೆ, ಅಷ್ಟೆ. ನನಗಿಂತ ಮುಂಚೆ ನೀವು ಕೇಳಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಿಮ್ಮವರು ಯಾರಾದರೂ ಇಂಥ ಕಡೆ ಇದ್ದರೆ ಹೋಗಿ. ಇಬ್ಬರು ಜೊತೆಯಾಗಿ ಹೋಗಿ. ಊಟದ ಹೊತ್ತಿಗೆ ಹೋಗಿ, ತಟ್ಟೆಯಲ್ಲಿ ಏನಿದೆ ನೋಡಿ. ಪಾಯಖಾನೆಗೆ ಚಿಲಕ ಇದೆಯೇ ನೋಡಿ. ಮುಟ್ಟಾದರೆ ಏನು ಕೊಡುತ್ತಾರೆ ಎಂದು ಅವಳನ್ನೇ ಕೇಳಿ. ಅವಳು ಹೇಳಿದ್ದನ್ನು ನಂಬುವುದರಿಂದ ಶುರು ಮಾಡಿ, ಸಂಶಯವನ್ನು ಆಮೇಲೆ ಪಡಬಹುದು. ಕಟ್ಟಿದ್ದರೆ ದಾಖಲೆ ತೋರಿಸಿ ಎನ್ನಿ. ಮಂಡಳಿಯ ಫೋನ್ ನಂಬರು ಗೋಡೆಯ ಮೇಲೆ ಇಲ್ಲದಿದ್ದರೆ ಯಾಕಿಲ್ಲ ಎನ್ನಿ. ಯಾರೂ ಕಿವಿಗೊಡದಿದ್ದರೆ ನಿಮ್ಮ ಊರಿನ ಕೋರ್ಟಿನ ಆವರಣದಲ್ಲಿ ಕಾನೂನು ಸೇವೆಗಳ ಕಚೇರಿ ಇರುತ್ತದೆ. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಪುಕ್ಕಟೆ. ಪಕ್ಕದ ಮನೆಯಲ್ಲೇ ಯಾರನ್ನಾದರೂ ಕೋಣೆಯಲ್ಲಿ ಕೂಡಿಹಾಕಿ ಅನ್ನ ನೀರಿಗೆ ಕಾಡಿಸುತ್ತಿದ್ದರೆ ಅದನ್ನು ಪೊಲೀಸರಿಗೆ ತಿಳಿಸಲು ಅದೇ ಕಾಯ್ದೆಯ ನೂರಾಒಂದನೆಯ ಕಲಂ ದಾರಿ ಮಾಡಿಕೊಟ್ಟಿದೆ. ಅದು 'ಅವರ ಮನೆಯ ವಿಷಯ' ಅಲ್ಲ. ಹಾಗೆಯೇ ನಿಮ್ಮಲ್ಲೇ ಯಾರಿಗಾದರೂ, ಬಾಣಂತನದಲ್ಲಿ ಸೊಸೆಗೋ ಮಗಳಿಗೋ, ಮನಸ್ಸು ಕುಸಿದರೆ ತಾಯತಕ್ಕಿಂತ ಮೊದಲು 14416ಕ್ಕೆ ಫೋನು ಮಾಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಆ ಸೇವೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಈಗ ನಾನು ಪೌರನೀತಿಯ ಆ ಪಾಠ ಬಂದಾಗ ಮೂಲಭೂತ ಹಕ್ಕುಗಳ ಜೊತೆ ಇಪ್ಪತ್ತನೆಯ ಕಲಂನ್ನೂ ಹೇಳುತ್ತೇನೆ. ಪರೀಕ್ಷೆಗೆ ಬರುವುದಿಲ್ಲ, ಆದರೂ ಹೇಳುತ್ತೇನೆ. ಹೋದ ವರ್ಷ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ಅವ್ರಿಗೆ ಹುಚ್ಚು ಇದ್ರ, ಕೂದ್ಲ ತಗದ್ರ ಅವ್ರಿಗೆ ಗೊತ್ತಾಗತೈತೇನ್ರಿ?" ಎಂದು ಕೇಳಿದಳು. ಗೊತ್ತಾಗತೈತಿ ಎಂದೆ. ಮೂವತ್ತು ವರ್ಷದ ಹಿಂದೆ ಆ ಆಯಾಳಿಗೆ ಹೇಳಬೇಕಾಗಿದ್ದ ಉತ್ತರ ಅದು.